ಜೀನ್ ನಿಯಂತ್ರಣದಿಂದ ಬ್ಯಾಕ್ಟೀರಿಯಾದ ಚಯಾಪಚಯವನ್ನು ತಿರುಗಿಸುವುದು ಹೇಗೆ: ಸಣ್ಣ ಪ್ರಯೋಗಾಲಯಕ್ಕೊಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಬಯೋಟೆಕ್ನಾಲಜಿ ಅಥವಾ ಮೈಕ್ರೋಬಯಾಲಜಿಯ ಅಂತಿಮ ವರ್ಷದ ಪ್ರಾಜೆಕ್ಟ್ ಎಂದೊಡನೆ ನೆನಪಾಗುವುದು ಯಾವುದೋ ಎಲೆಯ ಸಾರ ತೆಗೆದು, ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸಾಯುತ್ತದೆಯೇ ಎಂದು ನೋಡುವ ಕೆಲಸ. ಅದನ್ನು ಹೀಗಳೆಯುವುದಿಲ್ಲ. ಆದರೆ ಅದೇ ಆಟೋಕ್ಲೇವ್, ಅದೇ ಶೇಕರ್, ಅದೇ ಸ್ಪೆಕ್ಟ್ರೊಫೋಟೊಮೀಟರ್ ಜೊತೆಗೆ ಒಂದು ಪಿಸಿಆರ್ ಯಂತ್ರವಿದ್ದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಬದಲು ದುಡಿಸಿಕೊಳ್ಳಬಹುದು. ಈ ಬರಹ ಆ ಕೆಲಸಕ್ಕೆ ಕೈ ಹಾಕುವ ವಿದ್ಯಾರ್ಥಿಗಳಿಗೆ ಮತ್ತು ಅವರ ಮಾರ್ಗದರ್ಶಕರಿಗೆ. ಪಿಸಿಆರ್, ಪ್ಲಾಸ್ಮಿಡ್, ಟ್ರಾನ್ಸ್‌ಫಾರ್ಮೇಶನ್ ಗೊತ್ತಿದೆ ಎಂದು ಇಟ್ಟುಕೊಂಡಿದ್ದೇನೆ.

ಹಿಡಕಲ್ ಜಲಾಶಯದ ಕಾಲುವೆಯಲ್ಲಿ ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟಿಸಬೇಕೆಂದರೆ ಮೇಲಿನವರ ತೂಬನ್ನು ಕಾಂಕ್ರೀಟ್ ಹಾಕಿ ಮುಚ್ಚುವುದಿಲ್ಲ. ಕೆಲವು ದಿನ ಗೇಟ್ ಇಳಿಸುತ್ತಾರೆ, ಮೇಲಿನ ಬೆಳೆ ಒಣಗುವ ಮೊದಲೇ ಎತ್ತುತ್ತಾರೆ. ಜೀನನ್ನು ಪೂರ್ತಿ ಅಳಿಸುವುದು ಆ ಕಾಂಕ್ರೀಟ್ ಇದ್ದಂತೆ, ಜೀನ್ ನಿಯಂತ್ರಣ ಆ ಗೇಟ್ ಇದ್ದಂತೆ. ಗೇಟ್ ಎಷ್ಟು ಇಳಿಸಿದಿರಿ ಎಂಬುದಕ್ಕಿಂತ ಯಾವಾಗ ಇಳಿಸಿದಿರಿ ಎಂಬುದೇ ಹೆಚ್ಚಿನ ಸಲ ಫಲಿತಾಂಶವನ್ನು ನಿರ್ಧರಿಸುತ್ತದೆ. ಪಠ್ಯಪುಸ್ತಕಗಳು ಇದನ್ನು ಒತ್ತಿ ಹೇಳುವುದಿಲ್ಲವಾದ್ದರಿಂದ ಸಮಯದ ಹಂತಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಮೊದಲು ಅನುಮತಿ

ಜೀನ್ ಬದಲಿಸಿದ ಸೂಕ್ಷ್ಮಜೀವಿಗಳಿಗೆ ನಮ್ಮಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 1989ರ ನಿಯಮಗಳು ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಅನ್ವಯಿಸುತ್ತವೆ. ನಿಮ್ಮ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು, ಪ್ರಯೋಗದ ವಿವರ ಆ ಸಮಿತಿಗೆ ಹೋಗಬೇಕು. ಪ್ರಯೋಗಾಲಯದ ಸಾಮಾನ್ಯ ಬ್ಯಾಕ್ಟೀರಿಯಾ ಆದ ಇ. ಕೋಲೈ ಕೆ-12 ತಳಿಯ ಈ ಬಗೆಯ ಕೆಲಸ ಅತಿ ಕಡಿಮೆ ಅಪಾಯದ ವರ್ಗಕ್ಕೆ ಸೇರುತ್ತದೆ, ಹಾಗಾಗಿ ಕಾಗದಪತ್ರ ಹೆಚ್ಚೇನಿಲ್ಲ. ಸಮಿತಿಯೇ ಇಲ್ಲದ ಕಾಲೇಜಿನವರು, ಸಮಿತಿ ಇರುವ ಸಂಸ್ಥೆಯ ಜೊತೆ ಸೇರಿ ಅಲ್ಲಿಯೇ ಕೆಲಸ ಮಾಡುವುದು ಸರಿಯಾದ ದಾರಿ. ಬಳಸಿದ ಪ್ರತಿಯೊಂದು ಕಲ್ಚರ್ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಟೋಕ್ಲೇವ್ ಆದ ಮೇಲೆಯೇ ಹೊರಗೆ ಹೋಗಬೇಕು.

ಹಂತ 2: ಕಣ್ಣಿಗೆ ಕಾಣುವ ಉತ್ಪನ್ನವನ್ನೇ ಆರಿಸಿ

ದ್ರಾವಣದ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಇಲ್ಲದ ಕಡೆ ಸಕ್ಸಿನಿಕ್ ಆಮ್ಲ, ಬ್ಯುಟನಾಲ್ ಎಂದು ಹೊರಟರೆ ಪ್ರತಿ ಮಾದರಿಗೂ ಬೇರೆ ಊರಿಗೆ ಓಡಬೇಕು. ಲೈಕೋಪೀನ್ ಆರಿಸಿ. ಟೊಮೆಟೊಗೆ ಕೆಂಪು ಕೊಡುವ ಈ ವರ್ಣದ್ರವ್ಯವನ್ನು ಇ. ಕೋಲೈ ತಾನಾಗಿ ಮಾಡುವುದಿಲ್ಲ. ಪ್ಯಾಂಟಿಯಾ ಎಂಬ ಬ್ಯಾಕ್ಟೀರಿಯಾದ ಸಿಆರ್‌ಟಿ-ಇ, ಸಿಆರ್‌ಟಿ-ಬಿ, ಸಿಆರ್‌ಟಿ-ಐ ಎಂಬ ಮೂರು ಜೀನ್‌ಗಳನ್ನು ಪ್ಲಾಸ್ಮಿಡ್ ಮೂಲಕ ಕೊಟ್ಟರೆ ಕಾಲೊನಿಗಳು ಕೆಂಪಾಗುತ್ತವೆ. ಎಷ್ಟು ಕೆಂಪು ಎಂಬುದೇ ನಿಮ್ಮ ಅಳತೆ.

ಹಂತ 3: ಕವಲುಗಳ ನಕ್ಷೆ ಬಿಡಿಸಿ

ಗ್ಲೂಕೋಸ್ ಒಡೆದಾಗ ಗ್ಲಿಸರಾಲ್ಡಿಹೈಡ್-3-ಫಾಸ್ಫೇಟ್ ಮತ್ತು ಪೈರುವೇಟ್ ಸಿಗುತ್ತವೆ. ಇವೆರಡನ್ನು ಡಿಎಕ್ಸ್‌ಎಸ್ ಕಿಣ್ವ ಜೋಡಿಸುವಲ್ಲಿ ಲೈಕೋಪೀನ್ ದಾರಿ ಶುರು. ಮುಂದೆ ಐದು ಇಂಗಾಲದ ಐಪಿಪಿ, ಹದಿನೈದು ಇಂಗಾಲದ ಎಫ್‌ಪಿಪಿ, ಅಲ್ಲಿಂದ ಸಿಆರ್‌ಟಿ ಕಿಣ್ವಗಳ ಕೈಗೆ. ದಾರಿಯುದ್ದಕ್ಕೂ ಸೋರಿಕೆಗಳಿವೆ. ಪೈರುವೇಟ್‌ನ ದೊಡ್ಡ ಪಾಲು ಎಸಿಇ-ಇ ಜೀನಿನ ಕಿಣ್ವದ ಮೂಲಕ ಅಸಿಟೈಲ್-ಕೋಎ ಆಗಿಬಿಡುತ್ತದೆ. ಎಫ್‌ಪಿಪಿಯನ್ನು ಐಎಸ್‌ಪಿ-ಬಿ ಜೀನಿನ ಕಿಣ್ವ ಉಸಿರಾಟಕ್ಕೆ ಬೇಕಾದ ಯುಬಿಕ್ವಿನೋನ್ ಅಣುವಿನ ಬಾಲಕ್ಕಾಗಿ ಎಳೆದುಕೊಳ್ಳುತ್ತದೆ. ಈ ದಾರಿಗೆ ಎಲೆಕ್ಟ್ರಾನ್ ಒದಗಿಸುವ ಎನ್‌ಎಡಿಪಿಎಚ್ ಅಣು ಕೂಡ ಬೇಕು. ಅದನ್ನು ಜಿಡಿಎಚ್-ಎ ಜೀನಿನ ಗ್ಲುಟಮೇಟ್ ಡಿಹೈಡ್ರೋಜಿನೇಸ್ ಕಬಳಿಸುತ್ತದೆ.

ತಗ್ಗಿಸಬೇಕಾದ ಈ ಮೂರೂ ಜೀನ್‌ಗಳ ಸ್ವಭಾವ ಬೇರೆ, ಅದಕ್ಕೇ ಇವನ್ನು ಆರಿಸಿದ್ದು. ಜಿಡಿಎಚ್-ಎ ಇಲ್ಲದೆಯೂ ಜೀವಕೋಶ ಬದುಕುತ್ತದೆ, ಅಮೋನಿಯಾವನ್ನು ಸೇರಿಸಿಕೊಳ್ಳಲು ಅದಕ್ಕೆ ಇನ್ನೊಂದು ದಾರಿಯಿದೆ. ಎಸಿಇ-ಇ ಅಳಿಸಿದರೆ ಗ್ಲೂಕೋಸ್ ಮಾಧ್ಯಮದಲ್ಲಿ ಅಸಿಟೇಟ್ ಕೊಡದೆ ಬೆಳೆಯುವುದಿಲ್ಲ. ಐಎಸ್‌ಪಿ-ಬಿ ಅಳಿಸಿದರೆ ಸತ್ತೇ ಹೋಗುತ್ತದೆ. ಕೊನೆಯದನ್ನು ಅಳಿಸಿ ನೋಡುವ ಪ್ರಯೋಗವೇ ಸಾಧ್ಯವಿಲ್ಲ, ತಗ್ಗಿಸಿ ಮಾತ್ರ ನೋಡಬಹುದು. ಶುರುವಿಗೆ ಜಿಡಿಎಚ್-ಎ ಹಿಡಿಯಿರಿ.

ಹಂತ 4: ಯಾವ ಉಪಕರಣ?

ಜಾಕೋಬ್ ಮತ್ತು ಮೊನೊ 1961ರಲ್ಲಿ ಲ್ಯಾಕ್ ಓಪೆರಾನ್ (ಒಂದೇ ಸ್ವಿಚ್ಚಿನಡಿ ಸಾಲಾಗಿ ಓದಲಾಗುವ ಜೀನ್‌ಗಳ ಗುಂಪು) ವಿವರಿಸಿದಾಗಿನಿಂದ ಜೀನ್‌ಗಳನ್ನು ಏರಿಸಿ ಇಳಿಸುವ ಉಪಕರಣಗಳು ಬೆಳೆಯುತ್ತಲೇ ಬಂದಿವೆ. ಏರಿಸಬೇಕಾದ ಜೀನಿಗೆ, ಅಂದರೆ ಇಲ್ಲಿ ಡಿಎಕ್ಸ್‌ಎಸ್‌ಗೆ, ಬೇರೆ ಬೇರೆ ಬಲದ ಪ್ರೊಮೋಟರ್ (ಜೀನಿನ ಓದು ಶುರುವಾಗುವ ಡಿಎನ್‌ಎ ಭಾಗ) ಮತ್ತು ರೈಬೋಸೋಮ್ ಕೂರುವ ಜಾಗದ ಬದಲಾವಣೆ ಸಾಕು. ಆಂಡರ್ಸನ್ ಸಂಗ್ರಹದ ಪ್ರೊಮೋಟರ್‌ಗಳು ಇದಕ್ಕೆಂದೇ ಇವೆ. ಅತಿ ಬಲದ್ದನ್ನು ಬಿಟ್ಟು ಮಧ್ಯಮ ಬಲದ್ದರಿಂದ ಆರಂಭಿಸಿ.

ಇಳಿಸಬೇಕಾದ ಜೀನಿಗೆ ಕ್ರಿಸ್ಪರ್-ಐ. ಕ್ಯಾಸ್9 ಪ್ರೋಟೀನಿನ ಡಿಎನ್‌ಎ ಕತ್ತರಿಸುವ ಎರಡು ತಾಣಗಳನ್ನು ಕೆಡಿಸಿದರೆ ಉಳಿಯುವುದು ಡಿಕ್ಯಾಸ್9. ಗೈಡ್ ಆರ್‌ಎನ್‌ಎ ತೋರಿಸಿದ ಜಾಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಕತ್ತರಿಸುವುದಿಲ್ಲ. ಬರುತ್ತಿರುವ ಆರ್‌ಎನ್‌ಎ ಪಾಲಿಮರೇಸ್ ಮುಂದೆ ಹೋಗದಂತೆ ತಡೆಯುತ್ತದೆ. 2013ರಲ್ಲಿ ಇದನ್ನು ಇ. ಕೋಲೈನಲ್ಲಿ ತೋರಿಸಿದಾಗ ಎರಡು ಗೈಡ್ ಒಟ್ಟಿಗೆ ಬಳಸಿ ಸುಮಾರು 1000 ಪಟ್ಟಿನವರೆಗೂ ತಗ್ಗಿಸಲು ಸಾಧ್ಯವಾಗಿತ್ತು. ನಮ್ಮ ಕೆಲಸಕ್ಕೆ ಅಷ್ಟು ಬೇಡ. ಅದೇ ವರ್ಷ ಕೊರಿಯಾದ ತಂಡವೊಂದು ಕೃತಕ ಸಣ್ಣ ಆರ್‌ಎನ್‌ಎಗಳಿಂದಲೂ ಇಂಥದೇ ಕೆಲಸ ಮಾಡಿತು. ಅದರ ಪ್ಲಾಸ್ಮಿಡ್ ಚಿಕ್ಕದು, ಹೊರೆಯೂ ಕಡಿಮೆ. ಆದರೂ ಮೊದಲ ಬಾರಿಗೆ ಮಾಡುವವರಿಗೆ ಡಿಕ್ಯಾಸ್9 ಸಲೀಸು, ಏಕೆಂದರೆ ಗೈಡ್ ವಿನ್ಯಾಸದ ನಿಯಮಗಳು ಸ್ಪಷ್ಟವಾಗಿವೆ.

ಡಿಕ್ಯಾಸ್9 ಅನ್ನು ಶುರು ಮಾಡುವ ಸ್ವಿಚ್ ಯಾವುದು ಎಂಬುದೂ ಮುಖ್ಯ. ಅರಾಬಿನೋಸ್ ಎಂಬ ಸಕ್ಕರೆ ಹಾಕಿದರೆ ಹತ್ತುವ ಸ್ವಿಚ್ ಅಗ್ಗ, ಆದರೆ ಮಾಧ್ಯಮದಲ್ಲಿ ಗ್ಲೂಕೋಸ್ ಇದ್ದರೆ ಅದು ಮುದುಡಿಕೊಳ್ಳುತ್ತದೆ. ಸಾಲದ್ದಕ್ಕೆ, ಅರಾಬಿನೋಸ್ ಅರ್ಧಂಬರ್ಧ ಕೊಟ್ಟಾಗ ಕೆಲವು ಜೀವಕೋಶಗಳಲ್ಲಿ ಪೂರ್ತಿ ಹತ್ತಿಕೊಂಡು ಉಳಿದವುಗಳಲ್ಲಿ ಆರಿಯೇ ಇರುತ್ತದೆ. ನೀವು ಅಳೆಯುವ ಸರಾಸರಿ ಆಗ ಯಾವ ಜೀವಕೋಶದ ಸ್ಥಿತಿಯೂ ಆಗಿರುವುದಿಲ್ಲ. ಗ್ಲೂಕೋಸ್ ಮಾಧ್ಯಮಕ್ಕೆ ಅನ್‌ಹೈಡ್ರೊಟೆಟ್ರಾಸೈಕ್ಲಿನ್ ಸ್ವಿಚ್ ವಾಸಿ. ಅದು ಬೆಳಕಿಗೆ ಕೆಡುತ್ತದೆ. ಸಣ್ಣ ಸಣ್ಣ ಭಾಗ ಮಾಡಿ, ಫಾಯಿಲ್ ಸುತ್ತಿ, ಫ್ರೀಜರ್‌ನಲ್ಲಿಡಿ.

ಹಂತ 5: ಪ್ಲಾಸ್ಮಿಡ್‌ಗಳ ಹೊಂದಾಣಿಕೆ

ಅರ್ಧ ಸೆಮಿಸ್ಟರ್ ನುಂಗಬಲ್ಲ ಗುಂಡಿ ಇಲ್ಲಿದೆ. ಆ್ಯಡ್‌ಜೀನ್ ಭಂಡಾರದಲ್ಲಿ ಸಿಗುವ, ಅನ್‌ಹೈಡ್ರೊಟೆಟ್ರಾಸೈಕ್ಲಿನ್‌ಗೆ ಸ್ಪಂದಿಸುವ ಡಿಕ್ಯಾಸ್9 ಪ್ಲಾಸ್ಮಿಡ್‌ನ ಮೂಲ (ಅದರ ನಕಲು ಶುರುವಾಗುವ ತಾಣ) ಪಿ15ಎ, ಪ್ರತಿರೋಧ ಕ್ಲೋರಾಂಫೆನಿಕಾಲ್‌ಗೆ. ಅದರ ಜೋಡಿಯಾದ ಗೈಡ್ ಪ್ಲಾಸ್ಮಿಡ್‌ನದು ಕೋಲ್‌ಇ1 ಮತ್ತು ಆಂಪಿಸಿಲಿನ್. ಬಹಳ ಕಡೆ ಬಳಕೆಯಲ್ಲಿರುವ ಪಿಎಸಿ-ಎಲ್‌ವೈಸಿ ಎಂಬ ಲೈಕೋಪೀನ್ ಪ್ಲಾಸ್ಮಿಡ್‌ನದೂ ಪಿ15ಎ, ಅದೂ ಕ್ಲೋರಾಂಫೆನಿಕಾಲ್. ಒಂದೇ ಮೂಲದ ಎರಡು ಪ್ಲಾಸ್ಮಿಡ್‌ಗಳು ಒಂದೇ ಜೀವಕೋಶದಲ್ಲಿ ಬಾಳುವುದಿಲ್ಲ. ಒಂದೇ ಆಂಟಿಬಯಾಟಿಕ್ ಇಟ್ಟುಕೊಂಡು ಎರಡೂ ಇವೆಯೆಂದು ಖಾತ್ರಿ ಮಾಡಿಕೊಳ್ಳಲೂ ಆಗುವುದಿಲ್ಲ. ಲೈಕೋಪೀನ್ ಜೀನ್‌ಗಳನ್ನು ಪಿಎಸ್‌ಸಿ101 ಮೂಲದ, ಕ್ಯಾನಮೈಸಿನ್ ಪ್ರತಿರೋಧವಿರುವ ಪ್ಲಾಸ್ಮಿಡ್‌ಗೆ ಸಾಗಿಸಿ. ಇನ್ನೂ ಒಳ್ಳೆಯದೆಂದರೆ ಡಿಕ್ಯಾಸ್9 ಅನ್ನು ವರ್ಣತಂತುವಿನಲ್ಲೇ ಕೂರಿಸಿರುವ ತಳಿ ಯಾರ ಬಳಿಯಾದರೂ ಇದ್ದರೆ ಕೇಳಿ ಪಡೆಯುವುದು. ಮೂರು ಪ್ಲಾಸ್ಮಿಡ್, ಮೂರು ಆಂಟಿಬಯಾಟಿಕ್ ಹೊತ್ತ ಜೀವಕೋಶ ಮೊದಲೇ ಬಳಲಿರುತ್ತದೆ.

ತಳಿಯ ವಿಷಯದಲ್ಲಿ: ಕ್ಲೋನಿಂಗ್‌ಗೆ ಡಿಎಚ್5-ಆಲ್ಫಾ, ಪ್ರಯೋಗಕ್ಕೆ ಎಂಜಿ1655 ಅಥವಾ ಬಿಡಬ್ಲ್ಯು25113. ಡಿಎಚ್5-ಆಲ್ಫಾದಲ್ಲೇ ಪ್ರಯೋಗವನ್ನೂ ಮಾಡಲು ಹೊರಟರೆ, ಥಯಮಿನ್ ಹಾಕದ ಎಂ9 ಎಂಬ ಕನಿಷ್ಠ ಪೋಷಕಾಂಶಗಳ ಮಾಧ್ಯಮದಲ್ಲಿ ಅದು ಬೆಳೆಯುವುದೇ ಇಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರಕ್ಕೆ ಕೊರಿಯರ್‌ನಲ್ಲಿ ಜೀವಂತ ಕಲ್ಚರ್ ತರಿಸುವ ಸಾಹಸ ಬೇಡ. ಪರಿಚಯದ ಲ್ಯಾಬ್‌ನಿಂದ ಪಡೆಯುವುದಾದರೆ ಪ್ಲಾಸ್ಮಿಡ್ ಡಿಎನ್‌ಎಯನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಲಕೋಟೆಯಲ್ಲಿ ಕಳಿಸಲು ಹೇಳಿ. ಬಿಸಿಲಿಗೆ ಅದು ಜಗ್ಗುವುದಿಲ್ಲ.

ಹಂತ 6: ಗೈಡ್ ವಿನ್ಯಾಸ

ಜೀನಿನ ಕೋಡಿಂಗ್ ಎಳೆಯನ್ನು 5' ಕಡೆಯಿಂದ ಬರೆದುಕೊಳ್ಳಿ. ಆರಂಭದ ಸುಮಾರು 100 ಅಕ್ಷರಗಳಲ್ಲಿ 'ಸಿಸಿ' ಎಂಬ ಜೋಡಿ ಹುಡುಕಿ. ಆ ಎರಡು ಸಿ ಮತ್ತು ಅದರ ನಂತರದ ಯಾವುದಾದರೂ ಒಂದು ಅಕ್ಷರ ಬಿಟ್ಟು, ಮುಂದಿನ 20 ಅಕ್ಷರ ತೆಗೆದುಕೊಳ್ಳಿ. ಅದನ್ನು ಹಿಂದುಮುಂದಾಗಿಸಿ ಪೂರಕ ಅಕ್ಷರಗಳಲ್ಲಿ ಬರೆದರೆ ಅದೇ ನಿಮ್ಮ ಗೈಡ್. ಹೀಗೆ ಮಾಡಿದಾಗ ಗೈಡ್ ಕೋಡಿಂಗ್ ಎಳೆಗೇ ಅಂಟುತ್ತದೆ, ಪಾಲಿಮರೇಸ್ ನಿಲ್ಲುತ್ತದೆ. ಇನ್ನೊಂದು ಎಳೆಗೆ ಅಂಟುವ ಗೈಡ್ ಜೀನಿನ ಒಳಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಪ್ರಾಜೆಕ್ಟ್ ಸೋಲುವುದಕ್ಕೆ ಈ ಎಳೆಯ ಗೊಂದಲವೊಂದೇ ಸಾಕು. ಪ್ರೈಮರ್ ಆರ್ಡರ್ ಮಾಡುವ ಮೊದಲು ಇನ್ನೊಬ್ಬರ ಕೈಯಲ್ಲಿ ಪರಿಶೀಲಿಸಿ.

ಸಿಕ್ಕ ಗೈಡ್‌ನ ಕೊನೆಯ 12 ಅಕ್ಷರಗಳು, ಅದರ ಪಕ್ಕದ ಎನ್‌ಜಿಜಿ (ಡಿಕ್ಯಾಸ್9 ಅಂಟಲು ಬೇಕಾದ ಗುರುತು; ಮೇಲೆ ಹುಡುಕಿದ 'ಸಿಸಿ' ಎದುರು ಎಳೆಯಲ್ಲಿ ಇದೇ) ಸಹಿತ, ಕೆ-12 ಜೀನೋಮ್‌ನಲ್ಲಿ ಬೇರೆಲ್ಲೂ ಇರಬಾರದು. 46 ಲಕ್ಷ ಅಕ್ಷರಗಳ ಜೀನೋಮ್‌ನಲ್ಲಿ ಇದನ್ನು ಹುಡುಕಲು ಉಚಿತ ವೆಬ್ ಸೌಲಭ್ಯಗಳಿವೆ. ಪ್ರತಿ ಜೀನಿಗೆ ಕನಿಷ್ಠ ಎರಡು ಗೈಡ್ ಮಾಡಿ. ಎನ್‌ಜಿಜಿ ಬದಿಯ ಕೊನೆಯ ಐದು ಅಕ್ಷರಗಳ ಕೆಲವು ಜೋಡಣೆಗಳು, ಗುರಿ ಯಾವುದೇ ಇರಲಿ, ಡಿಕ್ಯಾಸ್9 ಹೆಚ್ಚಾದಾಗ ಜೀವಕೋಶಕ್ಕೆ ವಿಷವಾಗುತ್ತವೆ ಎಂಬುದು 2018ರಲ್ಲಿ ಗೊತ್ತಾಗಿದೆ. ಎರಡು ಗೈಡ್ ಒಂದೇ ಫಲಿತಾಂಶ ಕೊಟ್ಟರೆ ಮಾತ್ರ ಅದು ಜೀನಿನ ಫಲಿತಾಂಶ.

ಓಪೆರಾನ್ ಮರೆಯಬೇಡಿ. ಡಿಕ್ಯಾಸ್9 ನಿಂತ ಜಾಗದಿಂದ ಕೆಳಗಿನ ಜೀನ್‌ಗಳೂ ಮುಚ್ಚುತ್ತವೆ. ಎಸಿಇ-ಇ ಹಿಂದೆಯೇ ಎಸಿಇ-ಎಫ್ ಮತ್ತು ಎಲ್‌ಪಿಡಿ ಇವೆ. ಎಲ್‌ಪಿಡಿ ಕಿಣ್ವ ಸಿಟ್ರಿಕ್ ಆಮ್ಲ ಚಕ್ರದ ಇನ್ನೊಂದು ಕಿಣ್ವಕ್ಕೂ ಬೇಕು. ಅಲ್ಲಿ ಸಿಗುವ ಫಲಿತಾಂಶವನ್ನು ಎಸಿಇ-ಇ ಒಂದರ ಲೆಕ್ಕಕ್ಕೆ ಬರೆದುಕೊಳ್ಳುವಂತಿಲ್ಲ. ಜಿಡಿಎಚ್-ಎ ಒಂಟಿ ಜೀನ್. ಅದನ್ನು ಮೊದಲು ಹಿಡಿಯಿರಿ ಎಂದದ್ದಕ್ಕೆ ಇದೂ ಕಾರಣ.

ಗೈಡ್ ಕೂರಿಸಲು ಗೈಡ್ ಪ್ಲಾಸ್ಮಿಡ್ ಸುತ್ತಲೂ ಪಿಸಿಆರ್ ಮಾಡಿ, ಹೊಸ 20 ಅಕ್ಷರಗಳನ್ನು ಪ್ರೈಮರ್‌ನ 5' ತುದಿಯಲ್ಲಿ ಸೇರಿಸಿ, ಡಿಪಿಎನ್-1 ಕಿಣ್ವದಿಂದ ಹಳೆಯ ಪ್ಲಾಸ್ಮಿಡ್ ಕರಗಿಸಿ, ತುದಿಗಳಿಗೆ ಫಾಸ್ಫೇಟ್ ಸೇರಿಸಿ ಲೈಗೇಸ್‌ನಿಂದ ಬೆಸೆಯಿರಿ. ಸೀಕ್ವೆನ್ಸಿಂಗ್‌ಗೆ ಕಳಿಸದೆ ಮುಂದೆ ಹೋಗಬೇಡಿ.

ಹಂತ 7: ಗುರಿಯಿಲ್ಲದ ಗೈಡ್ ಮತ್ತು ಜಿಎಫ್‌ಪಿ ಪರೀಕ್ಷೆ

ಜೀನೋಮ್‌ನಲ್ಲಿ ಎಲ್ಲೂ ಹೊಂದದ ಒಂದು ಗೈಡ್ ನಿಮ್ಮ ಪ್ರತಿ ಪ್ರಯೋಗದಲ್ಲೂ ಪಕ್ಕದ ಫ್ಲಾಸ್ಕ್‌ನಲ್ಲಿರಬೇಕು. ಡಿಕ್ಯಾಸ್9 ತಯಾರಿಸುವ ಹೊರೆಯೇ ಬೆಳವಣಿಗೆ ಕುಗ್ಗಿಸುತ್ತದೆ; ಈ ಹೋಲಿಕೆ ಇಲ್ಲದಿದ್ದರೆ ಆ ಕುಗ್ಗುವಿಕೆಯನ್ನು ಜೀನಿನ ತಲೆಗೆ ಕಟ್ಟುತ್ತೀರಿ. ಮೊದಲ ಪರೀಕ್ಷೆ ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನಿನ ಮೇಲೆ ಇರಲಿ. ಜಿಎಫ್‌ಪಿ ಮಾಡುವ ತಳಿಯಲ್ಲಿ ಅದಕ್ಕೆಂದೇ ಮಾಡಿದ ಗೈಡ್ ಇಟ್ಟು, ಅನ್‌ಹೈಡ್ರೊಟೆಟ್ರಾಸೈಕ್ಲಿನ್ ಅನ್ನು ಮಿ.ಲೀ.ಗೆ 0, 10, 50, 200 ನ್ಯಾನೊಗ್ರಾಂ ಕೊಟ್ಟು ಹೊಳಪು ಎಷ್ಟು ಇಳಿಯುತ್ತದೆ ಎಂದು ನೋಡಿ. ಸೊನ್ನೆಯಲ್ಲೇ ಹೊಳಪು ಇಳಿದಿದ್ದರೆ ಸ್ವಿಚ್ ಸೋರುತ್ತಿದೆ ಎಂದರ್ಥ.

ಹಂತ 8: ಯಾವಾಗ ಇಳಿಸಬೇಕು

ಡಿಕ್ಯಾಸ್9 ತಡೆಯುವುದು ಹೊಸ ಆರ್‌ಎನ್‌ಎಯನ್ನು ಮಾತ್ರ. ಈಗಾಗಲೇ ತಯಾರಾಗಿರುವ ಕಿಣ್ವ ಅಲ್ಲೇ ಕುಳಿತು ಕೆಲಸ ಮಾಡುತ್ತಲೇ ಇರುತ್ತದೆ. ಇ. ಕೋಲೈನ ಬಹಳಷ್ಟು ಪ್ರೋಟೀನುಗಳು ಬೇಗ ಒಡೆಯುವುದಿಲ್ಲ. ಜೀವಕೋಶ ಇಬ್ಭಾಗವಾದಾಗ ಹಂಚಿಹೋಗಿ ಅರ್ಧವಾಗುತ್ತವೆ, ಅಷ್ಟೇ. ಒಂದು ಪೀಳಿಗೆಗೆ ಶೇ 50, ಎರಡಕ್ಕೆ 25, ಐದಕ್ಕೆ ಸುಮಾರು 3. ಇದನ್ನು ಕಲ್ಚರ್‌ನ ಒಡಿಗೆ (ಸ್ಪೆಕ್ಟ್ರೊಫೋಟೊಮೀಟರ್ ತೋರಿಸುವ ಕದಡಿನ ಅಳತೆ, ಅಂದರೆ ಜೀವಕೋಶಗಳ ದಟ್ಟಣೆ) ಹೊಂದಿಸಿ ನೋಡಿ. ಒಡಿ 0.05ರಲ್ಲಿ ಬಿತ್ತಿ ಆಗಲೇ ಸ್ವಿಚ್ ಹಾಕಿದರೆ, 1.6 ತಲುಪುವ ಹೊತ್ತಿಗೆ ಐದು ಪೀಳಿಗೆ ಕಳೆದಿರುತ್ತವೆ, ಕಿಣ್ವ ಬಹುತೇಕ ಖಾಲಿ. ಒಡಿ 0.8ರಲ್ಲಿ ಹಾಕಿ 3.2ರಲ್ಲಿ ಅಳೆದರೆ ಕಾಲು ಭಾಗ ಇನ್ನೂ ಉಳಿದಿರುತ್ತದೆ. ಬೆಳವಣಿಗೆ ನಿಂತ ಮೇಲೆ ಹಾಕಿದರೆ ಹೆಚ್ಚೇನೂ ಆಗುವುದಿಲ್ಲ. 'ಕ್ರಿಸ್ಪರ್-ಐ ಕೆಲಸ ಮಾಡಲಿಲ್ಲ' ಎಂದು ಬರೆಯುವ ಮುನ್ನ ಈ ಲೆಕ್ಕ ಹಾಕಿ.

ಹಾಗಾದರೆ ಎಲ್ಲವನ್ನೂ ಶುರುವಿನಲ್ಲೇ ಇಳಿಸಬಹುದಲ್ಲ? ಜಿಡಿಎಚ್-ಎಗೆ ಹೌದು. ಐಎಸ್‌ಪಿ-ಬಿಗೆ ಅಲ್ಲ. ಯುಬಿಕ್ವಿನೋನ್ ತಗ್ಗಿದರೆ ಉಸಿರಾಟ ತಗ್ಗುತ್ತದೆ, ಕಲ್ಚರ್ ಒಡಿ 0.5 ದಾಟದೆ ಕುಗ್ಗಬಹುದು. ಆಗ ಪ್ರತಿ ಜೀವಕೋಶ ಕಡುಗೆಂಪಾಗಿದ್ದರೂ ಒಟ್ಟು ಲೈಕೋಪೀನ್ ಕಡಿಮೆಯೇ. ಹಾಗಾಗಿ ಅಂಥ ಜೀನಿಗೆ ಎರಡು ದಾರಿ. ಒಂದು, ತಡವಾಗಿ ಆದರೆ ಎರಡು ಮೂರು ಪೀಳಿಗೆ ಬಾಕಿಯಿರುವಾಗ ಸ್ವಿಚ್ ಹಾಕುವುದು. ಇನ್ನೊಂದು, ಗೈಡ್‌ನಲ್ಲಿ ಬೇಕೆಂದೇ ಒಂದೆರಡು ಅಕ್ಷರ ತಪ್ಪಿಸಿ ಅದರ ಹಿಡಿತ ಸಡಿಲಗೊಳಿಸುವುದು. ಪ್ರಚೋದಕವನ್ನು, ಅಂದರೆ ಸ್ವಿಚ್ ಹತ್ತಿಸುವ ಅನ್‌ಹೈಡ್ರೊಟೆಟ್ರಾಸೈಕ್ಲಿನ್ ಅನ್ನು, ಅರ್ಧ ಕೊಡುವುದಕ್ಕಿಂತ ಈ ಎರಡನೆಯದು ನನಗೆ ಹೆಚ್ಚು ಮೆಚ್ಚು, ಏಕೆಂದರೆ ಜೀವಕೋಶದಿಂದ ಜೀವಕೋಶಕ್ಕೆ ವ್ಯತ್ಯಾಸ ಕಡಿಮೆ.

ಪ್ರಯೋಗ ಹೀಗಿರಲಿ: ಶೇ 0.4 ಗ್ಲೂಕೋಸ್ ಇರುವ ಎಂ9, 100 ಮಿ.ಲೀ. ಫ್ಲಾಸ್ಕ್‌ನಲ್ಲಿ 15 ಮಿ.ಲೀ.ಗಿಂತ ಹೆಚ್ಚಿಲ್ಲ, ಗಾಳಿ ಆಡಬೇಕು. 30 ಡಿಗ್ರಿಯಲ್ಲಿ ಬೆಳೆಸಿ. ಮೊದಲು ಪ್ರಚೋದಕದ ಪ್ರಮಾಣ ನಿಗದಿ ಮಾಡಿಕೊಳ್ಳಿ, ಆಮೇಲೆ ಅದೇ ಪ್ರಮಾಣವನ್ನು ಒಡಿ 0.05, 0.4, 1.0ರಲ್ಲಿ ಕೊಟ್ಟು ಹೋಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಫ್ಲಾಸ್ಕ್‌ಗಳೂ ಸಾಲುವುದಿಲ್ಲ, ತಲೆಯೂ ಸಾಲುವುದಿಲ್ಲ. ಪ್ರತಿ ಸ್ಥಿತಿಗೆ ಮೂರು ಬೇರೆ ಬೇರೆ ಕಾಲೊನಿಗಳಿಂದ ಮೂರು ಫ್ಲಾಸ್ಕ್. ಒಂದೇ ಫ್ಲಾಸ್ಕ್ ಮೂರು ಸಲ ಓದುವುದು ಪುನರಾವರ್ತನೆ ಅಲ್ಲ.

ನಮ್ಮ ಭಾಗದ ಎರಡು ತೊಡಕು. ಹೀಟರ್ ಮಾತ್ರ ಇರುವ ಶೇಕರ್ ಕೋಣೆಯ ತಾಪಮಾನಕ್ಕಿಂತ ಕೆಳಗೆ ಹೋಗಲಾರದು. ಬೇಸಿಗೆಯ ಮಧ್ಯಾಹ್ನ ಡಯಲ್ 30 ಎಂದಿದ್ದರೂ ಒಳಗೆ ಅಷ್ಟಿರುವುದಿಲ್ಲ. ತಂಪು ಮಾಡುವ ಶೇಕರ್ ಇಲ್ಲದವರು ಡಿಸೆಂಬರ್, ಜನವರಿಯಲ್ಲಿ ಮುಗಿಸಿ, ಇಲ್ಲವೇ ಎಲ್ಲವನ್ನೂ 37ರಲ್ಲೇ ಮಾಡಿ ಹಾಗೆಂದು ಬರೆಯಿರಿ. ಎರಡನೆಯದು ಕರೆಂಟ್. ಶೇಕರ್ ನಿಂತರೆ ಆಮ್ಲಜನಕ ಮುಗಿದು ಜೀವಕೋಶ ಅಸಿಟೇಟ್ ಮತ್ತಿತರ ಆಮ್ಲಗಳನ್ನು ಉಗುಳತೊಡಗುತ್ತದೆ, ಚಯಾಪಚಯ ನೀವು ತಿರುಗಿಸದೆಯೇ ತಿರುಗಿರುತ್ತದೆ. ಅರ್ಧ ಗಂಟೆ ನಿಂತ ಬ್ಯಾಚ್‌ನ ಅಂಕಿಗಳನ್ನು ಉಳಿದವುಗಳ ಜೊತೆ ಬೆರೆಸಬೇಡಿ.

ಹಂತ 9: ಅಳತೆ

1 ಮಿ.ಲೀ. ಕಲ್ಚರ್ ಸೆಂಟ್ರಿಫ್ಯೂಜ್ ಮಾಡಿ, ನೀರಿನಲ್ಲಿ ತೊಳೆದು, ಗಸಿಯನ್ನು 1 ಮಿ.ಲೀ. ಅಸಿಟೋನ್‌ನಲ್ಲಿ ಕಲಕಿ, 55 ಡಿಗ್ರಿಯಲ್ಲಿ 15 ನಿಮಿಷ ಕತ್ತಲಲ್ಲಿಡಿ. ಮತ್ತೆ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವವನ್ನು 474 ನ್ಯಾನೊಮೀಟರ್‌ನಲ್ಲಿ ಓದಿ. ಗಸಿ ಬಿಳಿಯಾಗುವವರೆಗೂ ಅಸಿಟೋನ್ ಹಾಕಬೇಕು. ಗಾಜಿನ ಕ್ಯುವೆಟ್ ಬಳಸಿ. ಅಗ್ಗದ ಪಾಲಿಸ್ಟೈರೀನ್ ಕ್ಯುವೆಟ್ ಅಸಿಟೋನ್‌ನಲ್ಲಿ ಕರಗಿ ಮಬ್ಬಾಗುತ್ತದೆ. ಶುದ್ಧ ಲೈಕೋಪೀನ್‌ನಿಂದ ಮಾನಕ ರೇಖೆ ಎಳೆದುಕೊಳ್ಳಿ.

ಫಲಿತಾಂಶವನ್ನು ಲೀಟರಿಗೆ ಎಷ್ಟು ಮತ್ತು ಒಣ ಜೀವಕೋಶದ ಗ್ರಾಂಗೆ ಎಷ್ಟು ಎಂದು ಎರಡೂ ರೀತಿ ಬರೆಯಿರಿ. ಎರಡನೆಯದನ್ನು ಮಾತ್ರ ತೋರಿಸುವ ವರದಿಯನ್ನು ನಾನು ಅನುಮಾನದಿಂದಲೇ ಓದುತ್ತೇನೆ. ಜೀನ್ ನಿಜಕ್ಕೂ ತಗ್ಗಿದೆಯೇ ಎಂಬುದಕ್ಕೆ ಆ ಜೀನಿನ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ಆರ್‌ಟಿ-ಕ್ಯೂಪಿಸಿಆರ್ ಬೇಕು. ಯಂತ್ರವಿಲ್ಲದಿದ್ದರೆ ಆರ್‌ಎನ್‌ಎ ತೆಗೆದು ಅದರ ಡಿಎನ್‌ಎ ಪ್ರತಿಯಾದ ಸಿಡಿಎನ್‌ಎ ಮಾಡಿ, ಯಂತ್ರ ಇರುವಲ್ಲಿಗೆ ಒಯ್ಯಿರಿ. ಸಿಡಿಎನ್‌ಎ ಪ್ರಯಾಣ ತಾಳುತ್ತದೆ, ಆರ್‌ಎನ್‌ಎ ತಾಳುವುದಿಲ್ಲ.

ಹಂತ 10: ಕೆಂಪು ಮಾಸಿದರೆ

ಮೊದಲ ದಿನ ಕೆಂಪಾಗಿದ್ದು ಮರುದಿನ ಬಿಳಿಚಿದರೆ ಪ್ಲಾಸ್ಮಿಡ್ ಕಳೆದುಹೋಗಿರಬಹುದು, ಇಲ್ಲವೇ ಡಿಕ್ಯಾಸ್9 ಕೆಟ್ಟ ರೂಪಾಂತರಗಳು ಮೇಲುಗೈ ಸಾಧಿಸಿರಬಹುದು. ಅಗತ್ಯ ಜೀನನ್ನು ಒತ್ತಿಹಿಡಿದಾಗ ಆ ಒತ್ತಡದಿಂದ ತಪ್ಪಿಸಿಕೊಂಡ ಒಂದೇ ಜೀವಕೋಶ ಕೂಡ ಒಂದೆರಡು ದಿನದಲ್ಲಿ ಫ್ಲಾಸ್ಕ್ ತುಂಬಬಲ್ಲದು. ಕೊನೆಯಲ್ಲಿ ಪ್ರತಿ ಫ್ಲಾಸ್ಕ್‌ನಿಂದ ತಟ್ಟೆಗೆ ಎಳೆದು ಬಿಳಿ ಕಾಲೊನಿ ಎಣಿಸಿ, ಒಂದೆರಡರಿಂದ ಡಿಕ್ಯಾಸ್9 ಪಿಸಿಆರ್ ಮಾಡಿ ನೋಡಿ. ಪ್ರತಿ ಪ್ರಯೋಗಕ್ಕೂ ಗ್ಲಿಸರಾಲ್ ದಾಸ್ತಾನಿನಿಂದ ಹೊಸದಾಗಿ ಶುರು ಮಾಡಿ, ಹಳೆಯ ತಟ್ಟೆಯಿಂದ ಅಲ್ಲ.

ಇದೆಲ್ಲ ಕೈಗೆ ಹತ್ತಿದ ಮೇಲೆ, ಹೊರಗಿನಿಂದ ಪ್ರಚೋದಕ ಹಾಕುವುದನ್ನೇ ಬಿಟ್ಟು ಜೀವಕೋಶವೇ ಸಮಯ ಅರಿತು ತಿರುಗುವಂತೆ ಮಾಡುವ ಕೆಲಸವಿದೆ. 2000ದಲ್ಲಿ ಫಾರ್ಮರ್ ಮತ್ತು ಲಿಯಾವ್ ಇದೇ ಲೈಕೋಪೀನ್ ಮೇಲೆ ಅದನ್ನು ತೋರಿಸಿದರು: ಗ್ಲೂಕೋಸ್ ಹೆಚ್ಚಾದಾಗ ಏರುವ ಅಸಿಟೈಲ್ ಫಾಸ್ಫೇಟ್ ಅನ್ನೇ ಸಂಕೇತವಾಗಿ ಬಳಸಿ, ಬೇಕಾದ ಕಿಣ್ವಗಳು ಆಗಷ್ಟೇ ಹೆಚ್ಚುವಂತೆ ಕಟ್ಟಿದ್ದರು. ಒಂದು ಸೆಮಿಸ್ಟರ್‌ಗೆ ಅದು ಭಾರ, ಪಿಎಚ್‌.ಡಿ.ಗೆ ಸರಿ.

ಕಾಕಂಬಿಯಲ್ಲಿ ಬೆಳೆಸಬಹುದೇ?

ಸಕ್ಕರೆ ಕಾರ್ಖಾನೆಗಳ ನಾಡಿನಲ್ಲಿ, ಸಕ್ಕರೆಗೆಂದೇ ಎಸ್. ನಿಜಲಿಂಗಪ್ಪ ಹೆಸರಿನ ಸಂಸ್ಥೆ ಬೆಳಗಾವಿಯಲ್ಲೇ ಇರುವಾಗ, ಈ ಪ್ರಶ್ನೆ ಬಾರದಿರದು. ಸಿಕ್ಕಿಕೊಳ್ಳುವುದು ಇಲ್ಲಿ: ಇ. ಕೋಲೈ ಕೆ-12 ಸುಕ್ರೋಸ್ ತಿನ್ನುವುದಿಲ್ಲ. ಕಾಕಂಬಿಯ ಮುಖ್ಯ ಸಕ್ಕರೆ ಅದೇ. ಒಂದೋ ಇನ್ವರ್ಟೇಸ್ ಕಿಣ್ವದಿಂದ ಅದನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದುಕೊಡಬೇಕು, ಇಲ್ಲವೇ ಸುಕ್ರೋಸ್ ತಿನ್ನುವ ಸಿಎಸ್‌ಸಿ ಜೀನ್‌ಗಳಿರುವ ಇ. ಕೋಲೈ ಡಬ್ಲ್ಯು ತಳಿಗೆ ಹೋಗಬೇಕು. ಕುತೂಹಲವೆಂದರೆ ಆ ಜೀನ್‌ಗಳ ಮೇಲೂ ಸಿಎಸ್‌ಸಿ-ಆರ್ ಎಂಬ ತಡೆಗಾರ ಕುಳಿತಿದೆ. ಸುಕ್ರೋಸ್ ಕಡಿಮೆಯಿದ್ದಾಗ ಅದು ದಾರಿ ತೆರೆಯುವುದಿಲ್ಲ. ಆ ಜೀನನ್ನು ಅಳಿಸಿದ ತಳಿಗಳು ಕಡಿಮೆ ಸುಕ್ರೋಸ್‌ನಲ್ಲೂ ಚೆನ್ನಾಗಿ ಬೆಳೆಯುತ್ತವೆ. ಅಳಿಸುವ ಬದಲು ನಿಮ್ಮ ಡಿಕ್ಯಾಸ್9 ಅನ್ನೇ ಅದರ ಮೇಲೆ ಬಿಟ್ಟು ನೋಡಬಹುದು, ಹೊಸ ಗೈಡ್‌ಗಳಷ್ಟೇ ಸಾಕು. ಕೆ-12 ಜೀನೋಮ್‌ನಲ್ಲಿ ಆ ಜೀನ್ ಇಲ್ಲವಾದ್ದರಿಂದ ಗೈಡ್ ಹುಡುಕುವಾಗ ಡಬ್ಲ್ಯು ತಳಿಯ ಜೀನೋಮ್ ತೆರೆಯಿರಿ.

ಕಾಕಂಬಿಯನ್ನು ಚೆನ್ನಾಗಿ ತೆಳುಮಾಡಿ, ಸೆಂಟ್ರಿಫ್ಯೂಜ್ ಮಾಡಿ ಗಷ್ಟು ತೆಗೆದು ಬಳಸಿ. ಅದರ ಕಂದು ಬಣ್ಣ 474ರ ಓದಿಗೂ ಅಡ್ಡ ಬರುತ್ತದೆ, ಒಡಿಗೂ ಅಡ್ಡ ಬರುತ್ತದೆ. ಹಾಗಾಗಿ ಗಸಿಯನ್ನು ಎರಡು ಮೂರು ಸಲ ಉಪ್ಪುನೀರಿನಲ್ಲಿ ತೊಳೆದು ಮತ್ತೆ ತೇಲಿಸಿ ಒಡಿ ನೋಡಿ. ಲೈಕೋಪೀನ್ ಪ್ಲಾಸ್ಮಿಡ್ ಇಲ್ಲದ ಅದೇ ತಳಿಯನ್ನು ಅದೇ ಕಾಕಂಬಿಯಲ್ಲಿ ಬೆಳೆಸಿ, ಅದರ ಅಸಿಟೋನ್ ಸಾರದ ಓದನ್ನು ಎಲ್ಲದರಿಂದ ಕಳೆಯಿರಿ.